ಸಕ್ಕರೆ ಹಾಕದ ಸಿಹಿ

ಕಾಫಿಗೆ ಸಕ್ಕರೆ ಬೆರೆಸುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ವೀಟನ್’ ಎಂಬ ಸರಳವಾದ ಮಾತುಂಟು. ಅದನ್ನು ತಾವೆಲ್ಲರೂ ಬಲ್ಲಿರಿ. ದೊಡ್ಡ ನಿಘಂಟುಗಳ ಮೂಲೆಯಲ್ಲಿ ‘ಇಡಲ್ಕರೇಟ್’ ಎಂಬ ಇನ್ನೊಂದು ಕ್ರಿಯಾಪದ ಅಡಗಿ ಕುಳಿತಿದೆ. ಅದರ ಮುಂದೆಯೂ ‘ಸಿಹಿ ಮಾಡು’ ಎಂಬ ಅರ್ಥವನ್ನೇ ಕೊಟ್ಟಿರುತ್ತಾರೆ. ಹಾಗಾದರೆ ಈ ಭಾರವಾದ ಮಾತು ಬರಿಯ ಪಾಂಡಿತ್ಯ ತೋರಿಸುವುದಕ್ಕೋ ಎಂದು ತಾವು ಕೇಳಬಹುದು. ಪೂರ್ತಿ ಹಾಗಲ್ಲ.

ಲ್ಯಾಟಿನಿನಲ್ಲಿ ‘ಡುಲ್ಕಿಸ್’ ಎಂದರೆ ಸಿಹಿ. ಪಾಶ್ಚಾತ್ಯ ಸಂಗೀತಗಾರರು ಸ್ವರಲಿಪಿಯ ಮೇಲೆ ‘ಡೋಲ್ಚೆ’ ಎಂದು ಬರೆದು, ಇಲ್ಲಿ ಇಂಪಾಗಿ, ಮೃದುವಾಗಿ ನುಡಿಸಿರಿ ಎಂದು ಸೂಚಿಸುತ್ತಾರಲ್ಲ, ಅದೂ ಈ ಮನೆತನದ ಮಾತೇ. 17ನೆಯ ಶತಮಾನದಲ್ಲಿ ‘ಇಡಲ್ಕರೇಟ್’ ಇಂಗ್ಲಿಷಿಗೆ ಬಂದಾಗ ಅದನ್ನು ಬಹಳವಾಗಿ ಬಳಸಿದವರು ಅಡಿಗೆಯವರಲ್ಲ, ರಸಾಯನ ವಿದ್ಯೆಯವರು. ದ್ರಾವಣದಲ್ಲಿ ತಳಕ್ಕೆ ಕೂತ ಪುಡಿಗೆ ಆಮ್ಲ, ಲವಣಗಳು ಅಂಟಿಕೊಂಡಿರುತ್ತವೆ. ಅದರ ಮೇಲೆ ಮತ್ತೆ ಮತ್ತೆ ನೀರು ಹೊಯ್ದು, ಬಸಿದು, ಹುಳಿ ಒಗರುಗಳೆಲ್ಲ ಹೋಗುವಂತೆ ತೊಳೆಯುವುದಕ್ಕೆ ಅವರು ಈ ಹೆಸರಿಟ್ಟರು. ಸಕ್ಕರೆಯ ಹರಳೊಂದನ್ನೂ ಹಾಕಲಿಲ್ಲ. ಆದರೂ ಅದು ‘ಸಿಹಿ’ಯಾಯಿತು!

ಕನ್ನಡಿಗರಿಗೆ ಇದು ಸೋಜಿಗವಾಗಬೇಕಾಗಿಲ್ಲ. ಸಿಹಿನೀರಿನ ಬಾವಿ ಎನ್ನುತ್ತೇವೆ. ಅದಕ್ಕೆ ಬೆಲ್ಲ ಸುರಿದವರು ಯಾರು? ಉಪ್ಪಿಲ್ಲದ್ದೇ ಅದರ ಸಿಹಿ. ಹಾಗಲಕಾಯಿ ಗೊಜ್ಜು ಮಾಡುವ ಗೃಹಿಣಿಯನ್ನು ಗಮನಿಸಿರಿ. ಹೋಳುಗಳಿಗೆ ಉಪ್ಪು ಸವರಿಟ್ಟು, ಕಹಿನೀರನ್ನು ಹಿಂಡಿ ತೆಗೆಯುತ್ತಾರೆ, ಇದು ಇಡಲ್ಕರೇಟ್. ಆಮೇಲೆ ಬೆಲ್ಲ ಹಾಕುತ್ತಾರೆ; ಇದು ಬರಿಯ ಸ್ವೀಟನ್. ಇವೆರಡರ ವ್ಯತ್ಯಾಸವನ್ನು ನಿಘಂಟಿಗಿಂತ ಒಲೆಯ ಮುಂದೆ ತಿಳಿಯುವುದು ಸುಲಭ.

ಇದರ ದಾಯಾದಿ ‘ಡಲ್ಸಿಫೈ’. ಇದಕ್ಕೆ ತೀಕ್ಷ್ಣವಾದುದನ್ನು ಸೌಮ್ಯಗೊಳಿಸು, ಕೋಪಗೊಂಡವರನ್ನು ತಣಿಸು ಎಂಬ ಅರ್ಥಗಳೂ ಉಂಟು. ಈ ‘ಸೌಮ್ಯ’ದ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಪಾದರಸ ಮತ್ತು ಕ್ಲೋರಿನ್ ಕೂಡಿದ ಒಂದು ಲವಣ ಘೋರವಿಷ. ಅದಕ್ಕೆ ಇನ್ನಷ್ಟು ಪಾದರಸ ಸೇರಿಸಿ ಅರೆದು ಕಾಯಿಸಿದರೆ ಕ್ಯಾಲೊಮೆಲ್ ಎಂಬ ಬಿಳಿಯ ಪುಡಿ ದೊರೆಯುತ್ತದೆ. ಮೊದಲಿನಷ್ಟು ಉಗ್ರವಲ್ಲವೆಂದು ಹಳೆಯ ವೈದ್ಯರು ಇದನ್ನು ‘ಸಿಹಿ ಪಾದರಸ’ ಎಂದು ಕರೆದರು. ಅದನ್ನು ಹಲ್ಲು ಬರುವ ಹಸುಗೂಸುಗಳ ಪುಡಿಗಳಲ್ಲಿಯೂ ಬೆರೆಸುತ್ತಿದ್ದರು. ಕೆಲವು ಕೂಸುಗಳ ಕೈಕಾಲು ಕೆಂಪಗೆ ಊದಿಕೊಳ್ಳುತ್ತಿದ್ದವು, ಬೆಳಕು ಕಂಡರೆ ಅಳುತ್ತಿದ್ದವು, ಅನ್ನಪಾನ ಸೇರುತ್ತಿರಲಿಲ್ಲ, ಸತ್ತವೂ ಉಂಟು. ಇದಕ್ಕೆ ಪಾದರಸವೇ ಕಾರಣವೆಂಬುದು 1940ರ ದಶಕದ ಕೊನೆಯ ಹೊತ್ತಿಗೆ ಬೆಳಕಿಗೆ ಬಂದಿತು. 1950ರ ದಶಕದಲ್ಲಿ ಬ್ರಿಟನ್ನಿನ ಹಲ್ಲುಪುಡಿಗಳಿಂದ ಕ್ಯಾಲೊಮೆಲ್ಲನ್ನು ತೆಗೆದ ಮೇಲೆ ಆ ರೋಗ ಹೆಚ್ಚುಕಡಿಮೆ ಕಾಣದಾಯಿತು. ಉಗ್ರತೆ ಇಳಿದಿತ್ತು, ವಿಷ ಇಳಿದಿರಲಿಲ್ಲ. ಹೆಸರು ಮಾತ್ರ ಸಿಹಿಯಾಗಿತ್ತು.

ಪ್ರಯೋಗದ ಮಾತಿಗೆ ಬರೋಣ. ಪ್ರಯೋಗಶಾಲೆಯಲ್ಲಿ ಈಗ ‘ತೊಳೆ’ ಎಂದರೆ ಸಾಕು. ‘ಇಡಲ್ಕರೇಟ್’ ಅಲ್ಲಿಂದ ಮರೆಯಾಗಿದೆ. ಫ್ರೆಂಚರಲ್ಲಿ ಮಾತ್ರ ಇದರ ಸೋದರಪದ ಚೆನ್ನಾಗಿ ಬದುಕಿದೆ. ಕಟುವಾದ ಬರಹದ ಮೊನೆ ಮುರಿದು ಸಪ್ಪೆ ಮಾಡಿದರೆ ಅವರು ಅದನ್ನೇ ಬಳಸುತ್ತಾರೆ, ಅದೂ ಆಕ್ಷೇಪಣೆಯ ದನಿಯಲ್ಲಿ. ಇಂಗ್ಲಿಷಿನಲ್ಲಿ ತಾವು ಬಳಸುವುದಾದರೆ ಇದು ಸಕರ್ಮಕವೆಂಬುದನ್ನು ನೆನಪಿಡಿರಿ: ಕಹಿ ಟೀಕೆಯನ್ನೋ ಒರಟು ವರದಿಯನ್ನೋ ಇಡಲ್ಕರೇಟ್ ಮಾಡಬಹುದು. ಕಾಫಿಯನ್ನು ಮಾಡಿದರೆ ನಕ್ಕಾರು. ಉಚ್ಚರಿಸುವಾಗ ಒತ್ತು ‘ಡಲ್’ ಎಂಬಲ್ಲಿರಲಿ.