ಕಟ್ಟಡದ ನೆಲವೂ ಮಳೆಯ ನೀರೂ

ಬೆಂಗಳೂರಿನಲ್ಲಿ ಮುಂಗಾರಿನ ಒಂದು ಬಿರುಮಳೆ ಸುರಿದಾಗ, ಪಾಯ ತೆಗೆದಿರುವ ನಿವೇಶನದಿಂದ ಬೀದಿಗೆ ಹರಿದುಬರುವ ನೀರನ್ನು ವಾಚಕರು ನೋಡಿರಬಹುದು. ಅದು ಕೆಮ್ಮಣ್ಣು ಕಲಸಿದಂತೆ ಇರುತ್ತದೆ. ಪಕ್ಕದಲ್ಲೇ ಹುಲ್ಲು ಬೆಳೆದಿರುವ ಖಾಲಿ ನಿವೇಶನದ ನೀರಾದರೋ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಮಳೆ ಒಂದೇ, ಮಣ್ಣೂ ಒಂದೇ. ಈ ವ್ಯತ್ಯಾಸಕ್ಕೆ ಕಾರಣವೇನು?

ಮಣ್ಣನ್ನು ಕೊಚ್ಚುವುದು ಹರಿಯುವ ನೀರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕೆಲಸವನ್ನು ಆರಂಭಿಸುವುದು ಬೀಳುವ ಹನಿ. 5 ಮಿಲಿಮೀಟರ್ ವ್ಯಾಸದ ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಿಂದ ನೆಲಕ್ಕೆ ಅಪ್ಪಳಿಸುತ್ತದೆ. ನೆಲ ಬರಿದಾಗಿದ್ದರೆ ಹೆಂಟೆಗಳು ಒಡೆದು ಕಣಗಳು ಸುತ್ತಲೂ ಸಿಡಿಯುತ್ತವೆ. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಕಾಣುವ ಕೆಂಪು ಚುಕ್ಕೆಗಳು ಈ ಸಿಡಿತದ ಗುರುತುಗಳೇ. ಒಡೆದ ನುಣ್ಣನೆಯ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುವುದರಿಂದ ನೀರು ಒಳಕ್ಕೆ ಇಂಗದೆ ಮೇಲೆಯೇ ಹರಿಯತೊಡಗುತ್ತದೆ. ಇದರ ಮೊತ್ತವೂ ಅಲ್ಪವಲ್ಲ: ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 2 ಲಕ್ಷ ಲೀಟರಿಗೂ ಮಿಕ್ಕು ನೀರಾಗುತ್ತದೆ.

ಹೀಗೆ ಹೋಗುವ ಮಣ್ಣೆಷ್ಟು? ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ವೋಲ್ಮನ್ ಮತ್ತು ಶಿಕ್ ಎಂಬ ವಿಜ್ಞಾನಿಗಳು ಇದನ್ನು ಲೆಕ್ಕಹಾಕಿ 1967ರಲ್ಲಿ ಪ್ರಕಟಿಸಿದರು. ಕಾಡು ಹೊಲಗಳ ನೆಲದಿಂದ ಚದರ ಮೈಲಿಗೆ ವರ್ಷಕ್ಕೆ 200ರಿಂದ 500 ಟನ್ನು ಮಣ್ಣು ಹೋಗುತ್ತಿದ್ದರೆ, ಕಟ್ಟಡದ ಕೆಲಸ ನಡೆಯುತ್ತಿದ್ದ ನೆಲದಿಂದ ಸಾವಿರಾರು ಟನ್ನು, ಕೆಲವೆಡೆ ಒಂದು ಲಕ್ಷ ಟನ್ನಿಗೂ ಮೇಲೆ ಹೋಗುತ್ತಿತ್ತು. 1970ರಲ್ಲಿ ಆ ಸಂಸ್ಥಾನವು ಇದನ್ನು ತಡೆಯಲು ಕಾನೂನನ್ನೇ ಮಾಡಿತು.

ಬೆಂಗಳೂರಿನಲ್ಲಿ ಇಂತಹ ಮಣ್ಣು ಸೇರುವುದು ರಾಜಕಾಲುವೆಗಳನ್ನು ಮತ್ತು ಕೆರೆಗಳನ್ನು. ಒಂದು ಕೆರೆ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಹಿಂದಿನವರು ಅವನ್ನು ಸರಪಣಿಯಾಗಿ ಕಟ್ಟಿದ್ದರು. ಕಾಲುವೆಯಲ್ಲಿ ಹೂಳು ತುಂಬಿದಷ್ಟೂ ನೀರು ತಗ್ಗಿನ ಮನೆಗಳನ್ನು ಹೊಗುತ್ತದೆ.

ಹರಿದ ಮಣ್ಣನ್ನು ನಿವೇಶನದ ಅಂಚಿನ ಹೊಂಡದಲ್ಲಿ ತಂಗಿಸಬಹುದಲ್ಲವೇ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ಸಾಧ್ಯ. ಕಣದ ವ್ಯಾಸ ಹತ್ತನೆಯ ಒಂದಾದರೆ ಅದು ತಂಗುವ ವೇಗ ನೂರನೆಯ ಒಂದಾಗುತ್ತದೆಂಬುದು ಸ್ಟೋಕ್ಸ್ 1851ರಲ್ಲಿ ನೀಡಿದ ಸೂತ್ರದಿಂದ ದೊರೆಯುವ ಫಲ. ನಿಶ್ಚಲವಾದ ನೀರಿನಲ್ಲಿ ಒಂದು ಮೀಟರ್ ಇಳಿಯಲು 0.1 ಮಿಲಿಮೀಟರಿನ ಮರಳಿಗೆ ಸುಮಾರು ಎರಡು ನಿಮಿಷ, 0.01 ಮಿಲಿಮೀಟರಿನ ರೇವೆಗೆ ಮೂರು ಗಂಟೆ, 0.001 ಮಿಲಿಮೀಟರಿನ ಜೇಡಿಗೆ ಸುಮಾರು 12 ದಿನ! ಅಷ್ಟು ದಿನ ಮುಂದಿನ ಮಳೆ ಕಾಯುವುದೇ? ಹೀಗಿರುವುದರಿಂದ ಹೊಂಡವು ಮರಳನ್ನು ಹಿಡಿದು ಜೇಡಿಯನ್ನು ಬಿಟ್ಟುಕೊಡುತ್ತದೆ. ಪಟಿಕ ಬೆರೆಸಿ ಜೇಡಿಯ ಕಣಗಳನ್ನು ಒಂದುಗೂಡಿಸಿ ತಂಗಿಸುವುದುಂಟು. ಆದರೆ ಅಳತೆ ತಪ್ಪಿದರೆ ಅದೇ ಜಲಚರಗಳಿಗೆ ಹಾನಿಕರ.

ಆದುದರಿಂದ ಮಣ್ಣು ಕದಲದಂತೆ ನೋಡಿಕೊಳ್ಳುವುದೇ ಮೇಲು. ಇಡೀ ನೆಲವನ್ನು ಒಮ್ಮೆಗೇ ಅಗೆಯದೆ, ಕೆಲಸ ನಡೆಯುವಷ್ಟನ್ನು ಮಾತ್ರ ಬಿಚ್ಚಬೇಕು. ಬಿಚ್ಚಿದ್ದನ್ನು ಭತ್ತದ ಹುಲ್ಲಿನಿಂದಲೋ ತೆಂಗಿನ ನಾರಿನ ಚಾಪೆಯಿಂದಲೋ ಮುಚ್ಚಿದರೆ ಹನಿಯ ಪೆಟ್ಟು ಹುಲ್ಲಿಗೆ ಬೀಳುತ್ತದೆ, ಮಣ್ಣಿಗಲ್ಲ. ಕೆಲಸ ತಿಂಗಳುಗಟ್ಟಲೆ ನಿಲ್ಲುವ ಕಡೆ ಹುರುಳಿ ಚೆಲ್ಲಬಹುದು. ಕೆರೆಯ ಹೂಳೆತ್ತುವ ವೆಚ್ಚದ ಮುಂದೆ ನಾಲ್ಕು ಗಾಡಿ ಹುಲ್ಲಿನ ಬೆಲೆ ಯಾವ ಲೆಕ್ಕ? ಆದರೆ ಹುಲ್ಲಿಗೆ ಹಣ ಕೊಡಬೇಕಾದವನು ಕಟ್ಟಿಸುವವನೊಬ್ಬ, ಹೂಳಿಗೆ ತೆರುವವರು ಊರಿನವರೆಲ್ಲ. ಈ ಅಲಕ್ಷ್ಯದ ಮೂಲ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಮೇಲುಭಾಗದಿಂದ ಬರುವ ನೀರನ್ನು ಅಡ್ಡಗಾಲುವೆಯಿಂದ ಬೇರೆಡೆಗೆ ತಿರುಗಿಸಬೇಕು. ಇಷ್ಟಾದ ಮೇಲೂ ತಪ್ಪಿಸಿಕೊಂಡ ಮಣ್ಣಿಗೆ ಇಳಿಜಾರಿನ ಕೆಳಗೆ, ಸಮಮಟ್ಟದ ಗೆರೆಯಲ್ಲಿ ಗೂಟಗಳಿಗೆ ಕಟ್ಟಿದ ಬಟ್ಟೆಯ ಬೇಲಿಯುಂಟು. ಬಟ್ಟೆಯ ಬುಡವನ್ನು ನೆಲದಲ್ಲಿ ಹೂತಿರಬೇಕು, ಇಲ್ಲವಾದರೆ ನೀರು ಅಡಿಯಿಂದ ನುಸುಳುತ್ತದೆ. ಅದರ ಹಿಂದೆ ನಿಂತ ಹೂಳನ್ನು ಪ್ರತಿಯೊಂದು ದೊಡ್ಡ ಮಳೆಯ ಬಳಿಕವೂ ತೆಗೆಯಬೇಕು.