ತಿರುವಿನಲ್ಲಿ ಬಂಡಿಯೇಕೆ ವಾಲುತ್ತದೆ?

ವೇಗವಾಗಿ ಬರುತ್ತಿರುವ ಮೋಟಾರು ಎಡಕ್ಕೆ ತಿರುಗಿದೊಡನೆ ಅದರ ಒಡಲು ಬಲಕ್ಕೆ ವಾಲುವುದನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಸ್ಪ್ರಿಂಗುಗಳು ಮೆತ್ತಗಿರುವುದೇ ಇದಕ್ಕೆ ಕಾರಣವೆಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ. ಚಕ್ರವನ್ನು ಚಾಸಿಗೆ ಜೋಡಿಸಿರುವ ತೋಳುಗಳು ಯಾವ ಓರೆಯಲ್ಲಿವೆ ಎಂಬ ರೇಖಾಗಣಿತದ ಪ್ರಶ್ನೆಯೂ ಇಲ್ಲಿದೆ.

ಬಂಡಿಯನ್ನು ಹಿಂದಿನಿಂದ ಕಂಡಂತೆ ಕಾಗದದ ಮೇಲೆ ಬರೆಯಿರಿ. ಒಂದು ಚಕ್ರವನ್ನು ಹಿಡಿದಿರುವ ಮೇಲಿನ ಹಾಗೂ ಕೆಳಗಿನ ತೋಳುಗಳು ಸಮಾಂತರವಾಗಿಲ್ಲದಿದ್ದರೆ, ಅವುಗಳ ರೇಖೆಗಳನ್ನು ಮುಂದುವರಿಸಿದಾಗ ಒಂದು ಬಿಂದುವಿನಲ್ಲಿ ಕೂಡುತ್ತವೆ. ಟೈರು ನೆಲವನ್ನು ಮುಟ್ಟುವ ತಾಣದಿಂದ ಆ ಬಿಂದುವಿಗೆ ಗೆರೆ ಎಳೆಯಿರಿ. ಈ ಗೆರೆ ಬಂಡಿಯ ನಡುರೇಖೆಯನ್ನು ಛೇದಿಸುವ ಸ್ಥಾನವನ್ನು 'ವಾಲುಕೇಂದ್ರ' ಎನ್ನೋಣ. ಒಡಲು ವಾಲುವುದು ಇದರ ಸುತ್ತ.

1,000 ಕಿಲೋಗ್ರಾಂ ಬಂಡಿಯೊಂದು ಗುರುತ್ವದ ಅರ್ಧದಷ್ಟು ಪಾರ್ಶ್ವ ವೇಗೋತ್ಕರ್ಷದಿಂದ ತಿರುಗಿತೆನ್ನಿ. ಆಗ ಗುರುತ್ವಕೇಂದ್ರದಲ್ಲಿ ಹೊರಮುಖವಾಗಿ ತೋರುವ ಬಲ ಸುಮಾರು 4,900 ನ್ಯೂಟನ್. ಗುರುತ್ವಕೇಂದ್ರ ನೆಲದಿಂದ 50 ಸೆಂಟಿಮೀಟರು, ವಾಲುಕೇಂದ್ರ 10 ಸೆಂಟಿಮೀಟರು ಎತ್ತರದಲ್ಲಿದ್ದರೆ, ಸನ್ನೆಯ ಉದ್ದ 40 ಸೆಂಟಿಮೀಟರು. ತಿರುಚುವ ಮಹತ್ವ 1,960 ನ್ಯೂಟನ್-ಮೀಟರು. ಸ್ಪ್ರಿಂಗುಗಳು ಪ್ರತಿ ಡಿಗ್ರಿಗೆ 490ರಷ್ಟು ಪ್ರತಿರೋಧ ಒಡ್ಡಿದರೆ ಒಡಲು ಸುಮಾರು 4 ಡಿಗ್ರಿ ವಾಲುತ್ತದೆ. ವಾಲುಕೇಂದ್ರವನ್ನು 40 ಸೆಂಟಿಮೀಟರಿಗೆ ಏರಿಸಿದರೆ ಒಂದೇ ಡಿಗ್ರಿ!

ಹಾಗಾದರೆ ಸಮಸ್ಯೆ ತೀರಿತಲ್ಲವೆ? ಇಲ್ಲ. ಒಳಚಕ್ರದಿಂದ ಹೊರಚಕ್ರಕ್ಕೆ ದಾಟುವ ಭಾರ ಹೆಚ್ಚು ಕಡಿಮೆ ಮೊದಲಿನಷ್ಟೇ ಉಳಿಯುತ್ತದೆ; ಅದನ್ನು ನಿರ್ಧರಿಸುವುದು ಗುರುತ್ವಕೇಂದ್ರದ ಎತ್ತರ ಮತ್ತು ಚಕ್ರಗಳ ನಡುವಣ ಅಂತರ. ಸ್ಪ್ರಿಂಗಿನ ಪಾಲು ಕುಗ್ಗಿದಷ್ಟೂ ತೋಳುಗಳ ಪಾಲು ಹಿಗ್ಗುತ್ತದೆ. ಕಡಿದಾದ ಓರೆಯ ಗೆರೆಯಲ್ಲಿ ಹೊರಚಕ್ರ ಒತ್ತಿದಾಗ ಒಡಲು ಮೇಲಕ್ಕೆ ಎತ್ತಲ್ಪಡುತ್ತದೆ.

ಅಮೆರಿಕದಲ್ಲಿ 1960ರ ಮಾದರಿಯಾಗಿ ಬಂದ ಷೆವರ್ಲೆ ಕಾರ್ವೇರ್ ಇದಕ್ಕೆ ಪ್ರಸಿದ್ಧ ನಿದರ್ಶನ. ಎಂಜಿನು ಹಿಂಬದಿಯಲ್ಲಿದ್ದುದರಿಂದ ತೂಕದ ಶೇಕಡಾ 60ಕ್ಕಿಂತ ಹೆಚ್ಚು ಹಿಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ಪ್ರತಿಯೊಂದು ಹಿಂಚಕ್ರವೂ ಡಿಫರೆನ್ಷಿಯಲ್ಲಿನ ಪಕ್ಕದಲ್ಲಿ ಕೀಲುಗೊಂಡ ಅರ್ಧ ಅಚ್ಚಿನ ತುದಿಯಲ್ಲಿ ತೂಗುತ್ತಿತ್ತು. ಟೈರಿನ ತಾಣದಿಂದ ಆ ಕೀಲಿಗೆ ಗೆರೆ ಎಳೆದರೆ ವಾಲುಕೇಂದ್ರ ಎಷ್ಟು ಮೇಲಿದೆಯೆಂಬುದು ನಿಮಗೇ ತಿಳಿಯುವುದು. ಬಿರುಸಾದ ತಿರುವಿನಲ್ಲಿ ಹಿಂಭಾಗ ಮೇಲೆದ್ದು, ಹೊರಚಕ್ರ ಒಡಲಿನಡಿಗೆ ಮಡಿಚಿಕೊಳ್ಳಬಹುದಾಗಿತ್ತು. ಆಗ ಟೈರು ಅಂಚಿನ ಮೇಲೆ ನಿಂತು ಹಿಡಿತ ತಪ್ಪಿ, ಬಂಡಿಯ ಬಾಲ ಹೊರಕ್ಕೆ ಬೀಸುತ್ತದೆ. ಇದನ್ನು ತಡೆಯಲು ಚದರ ಅಂಗುಲಕ್ಕೆ ಮುಂದಿನ ಟೈರುಗಳಲ್ಲಿ 15, ಹಿಂದಿನವುಗಳಲ್ಲಿ 26 ಪೌಂಡು ಗಾಳಿಯೊತ್ತಡವಿರಬೇಕೆಂದು ತಯಾರಕರು ಸೂಚಿಸಿದ್ದರು. ಬಂಡಿಯ ಸುರಕ್ಷತೆಯನ್ನು ಗಾಳಿಯ ಪಂಪಿಗೆ ಒಪ್ಪಿಸುವುದು ಜಾಣತನವೆಂದು ನನಗಂತೂ ತೋರದು.

1964ರ ಮಾದರಿಗೆ ಹಿಂದೆ ಅಡ್ಡಪಟ್ಟಿ ಸ್ಪ್ರಿಂಗು, ಮುಂದೆ ವಾಲುನಿರೋಧಕ ಸರಳು ಬಂದವು. 1965ರ ಮಾದರಿಯಲ್ಲಿ ಹಿಂದಿನ ಜೋಡಣೆಯನ್ನೇ ಬದಲಿಸಿ, ಅರ್ಧ ಅಚ್ಚಿನ ಎರಡು ತುದಿಗಳಲ್ಲೂ ಕೀಲು ಇಟ್ಟರು. ಅದೇ ವರ್ಷ ರಾಲ್ಫ್ ನೇಡರ್ ತಮ್ಮ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಗ್ರಂಥದ ಮೊದಲ ಅಧ್ಯಾಯದಲ್ಲಿ ಕಾರ್ವೇರನ್ನು ಕಟುವಾಗಿ ಖಂಡಿಸಿದರು. 1972ರಲ್ಲಿ ಪ್ರಕಟವಾದ ಅಮೆರಿಕ ಸರ್ಕಾರದ ವರದಿಯಾದರೋ, 1960ರಿಂದ 1963ರವರೆಗಿನ ಕಾರ್ವೇರ್ ಅಂದಿನ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕರವಲ್ಲವೆಂದು ಹೇಳಿತು. ಅಷ್ಟರಲ್ಲಿ ಅದರ ತಯಾರಿಕೆ ನಿಂತು ಮೂರು ವರ್ಷಗಳಾಗಿದ್ದವು.