‘ಸಿಡಿ ಮಾಡಿಸಿ ತನ್ನಿ’ ಅಂದರೆ ಯಾವ ಡಿಸ್ಕ್ ಕೊಳ್ಳಬೇಕು?

ಲ್ಯಾಪ್‌ಟಾಪ್‌ಗಳಿಂದ ಡಿಸ್ಕ್ ಡ್ರೈವ್ ಮಾಯವಾಗಿ ಎಷ್ಟೋ ವರ್ಷವಾಯಿತು. ಆದರೆ ಕೋರ್ಟು, ಠಾಣೆ, ಸರ್ಕಾರಿ ಕಚೇರಿಗಳಲ್ಲಿ ಸಿಡಿ ಇನ್ನೂ ಬದುಕಿದೆ. ಪ್ರತಿಭಟನೆಯ ವಿಡಿಯೊವನ್ನೋ ದ್ವೇಷ ಭಾಷಣದ ತುಣುಕನ್ನೋ ದೂರಿನ ಜೊತೆ ಲಗತ್ತಿಸಲು ಹೋದರೆ ‘ಸಿಡಿ ಮಾಡಿಸಿ ತನ್ನಿ’ ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಕೇಂದ್ರ ಸರ್ಕಾರದ 2012ರ ಮಾಹಿತಿ ಹಕ್ಕು ನಿಯಮಗಳಲ್ಲಿ ಎಲೆಕ್ಟ್ರಾನಿಕ್ ಮಾಹಿತಿಗೆ ನಿಗದಿಯಾದ ದರ ‘ಡಿಸ್ಕೆಟ್ ಅಥವಾ ಫ್ಲಾಪಿ ಒಂದಕ್ಕೆ 50 ರೂಪಾಯಿ’. ಫ್ಲಾಪಿಯನ್ನು ಕಣ್ಣಲ್ಲೇ ನೋಡದ ತಲೆಮಾರು ಈಗ ಆರ್‌ಟಿಐ ಅರ್ಜಿ ಹಾಕುತ್ತಿದೆ.

ಹೀಗೆ ಸಿಡಿ ಮಾಡಬೇಕಾಗಿ ಬಂದ ಗೆಳೆಯರು ಯುಎಸ್‌ಬಿ ಡ್ರೈವ್ ಒಂದನ್ನು ಹೇಗೋ ಹೊಂದಿಸಿಕೊಂಡು, ಅಂಗಡಿಯಿಂದ ನನಗೆ ಫೋನ್ ಮಾಡುತ್ತಾರೆ. ಆರ್, ಆರ್‌ಡಬ್ಲ್ಯು, ಪ್ಲಸ್, ಮೈನಸ್, ಡಿಎಲ್ ಅಂತೆಲ್ಲ ಬರೆದಿದೆ, ಯಾವುದನ್ನು ತಗೊಳ್ಳಲಿ? ನನ್ನ ಉತ್ತರ ಚಿಕ್ಕದು: ಒಮ್ಮೆ ಮಾತ್ರ ಬರೆಯಬಹುದಾದದ್ದನ್ನು ತಗೊಳ್ಳಿ, ನಿಮ್ಮ ಫೈಲ್ ಹಿಡಿಸುವಷ್ಟು ಸಣ್ಣದನ್ನೇ ತಗೊಳ್ಳಿ. ಅಂದರೆ 700 ಎಂಬಿ ಒಳಗಿದ್ದರೆ ಸಿಡಿ-ಆರ್, ಅದಕ್ಕಿಂತ ದೊಡ್ಡದಿದ್ದರೆ ಡಿವಿಡಿ-ಆರ್. ಯಾಕೆಂದು ತಿಳಿಯಲು ಡಿಸ್ಕಿನ ಒಳಗೆ ಸ್ವಲ್ಪ ಇಣುಕಬೇಕು.

ಸಿನಿಮಾ ಸಿಡಿಗಳಲ್ಲಿ ಮಾಹಿತಿ ಅಚ್ಚೊತ್ತಿದ ಸಣ್ಣ ಗುಳಿಗಳ ರೂಪದಲ್ಲಿರುತ್ತದೆ. ನಾವು ಮನೆಯಲ್ಲಿ ಬರೆಯುವ ‘ಆರ್’ ಡಿಸ್ಕಿನಲ್ಲಿ ಗುಳಿಗಳಿಲ್ಲ, ಒಂದು ಬಣ್ಣದ ಪದರ ಇದೆ. ಡ್ರೈವಿನ ಲೇಸರ್ ಆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಸುಡುತ್ತದೆ. ಸುಟ್ಟ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ‘ಆರ್‌ಡಬ್ಲ್ಯು’ ಡಿಸ್ಕಿನದು ಬೇರೆಯೇ ಕತೆ. ಅದರಲ್ಲಿ ಬಣ್ಣದ ಬದಲು ಲೋಹಗಳ ಮಿಶ್ರಣವಿದೆ, ಬಿಸಿಯ ಏರಿಳಿತಕ್ಕೆ ತಕ್ಕಂತೆ ಅದು ಸ್ಥಿತಿ ಬದಲಿಸುತ್ತದೆ. ಹಾಗಾಗಿ ಅಳಿಸಿ ಮತ್ತೆ ಬರೆಯಬಹುದು. ಕೇಳಲು ಚೆನ್ನಾಗಿದೆ. ಆದರೆ ಈ ಮಿಶ್ರಣ ಬೆಳಕನ್ನು ತೀರಾ ಕಡಿಮೆ ಪ್ರತಿಫಲಿಸುತ್ತದೆ. ಮಾಮೂಲಿ ಸಿಡಿ ಸುಮಾರು ಶೇ. 70ರಷ್ಟು ಬೆಳಕನ್ನು ವಾಪಸ್ ಕಳಿಸಿದರೆ, ಸಿಡಿ-ಆರ್‌ಡಬ್ಲ್ಯು ಕಳಿಸುವುದು ಶೇ. 15ರಿಂದ 25 ಮಾತ್ರ. ಹಳೆಯ, ಧೂಳು ಹಿಡಿದ ಡ್ರೈವ್‌ಗೆ ಇದು ಕಾಣಿಸದೇ ಹೋಗಬಹುದು. ನಿಮ್ಮ ಡಿಸ್ಕನ್ನು ತೆರೆಯುವ ಕಚೇರಿಯಲ್ಲಿ ಎಂಥ ಕಂಪ್ಯೂಟರ್ ಇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಜೊತೆಗೆ, ಅಳಿಸಿ ಬರೆಯಬಹುದಾದ ವಸ್ತುವನ್ನು ಸಾಕ್ಷ್ಯ ಎಂದು ಕೊಟ್ಟರೆ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆ ಏನಿರುತ್ತದೆ ಅನ್ನೋದನ್ನೂ ಯೋಚಿಸಿ.

ಇನ್ನು ಡಿವಿಡಿಯ ಪ್ಲಸ್-ಮೈನಸ್ ಜಗಳ. ಇದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕಂಪನಿಗಳ ರಾಜಕೀಯ. ಡಿವಿಡಿ ಫೋರಂ ಎಂಬ ಕೂಟ 1997ರಲ್ಲಿ ಡಿವಿಡಿ-ಆರ್ ತಂದಿತು. ಫಿಲಿಪ್ಸ್, ಸೋನಿ ಮುಂತಾದವು ಪ್ರತ್ಯೇಕ ಗುಂಪು ಕಟ್ಟಿಕೊಂಡು 2002ರಲ್ಲಿ ಡಿವಿಡಿ+ಆರ್ ತಂದವು. ಗಾತ್ರ ಒಂದೇ, ಹಿಡಿಸುವುದೂ ಒಂದೇ 4.7 ಜಿಬಿ. ಆದರೂ ಕೆಲವು ವರ್ಷ ಒಂದರ ಡ್ರೈವಿನಲ್ಲಿ ಇನ್ನೊಂದರ ಡಿಸ್ಕಿಗೆ ಬರೆಯಲು ಆಗುತ್ತಿರಲಿಲ್ಲ. ಈಗ ಸಿಗುವ ಡ್ರೈವ್‌ಗಳು ಎರಡಕ್ಕೂ ಬರೆಯುತ್ತವೆ. ಮೈನಸ್ ತಗೊಳ್ಳಿ ಅಂತ ನಾನು ಹೇಳುವುದು ಓದುವವರ ಯಂತ್ರವನ್ನು ನೆನೆದು: ತೀರಾ ಹಳೆಯ ಪ್ಲೇಯರ್, ಡ್ರೈವ್‌ಗಳಿಗೆ ಅದರ ಪರಿಚಯ ಹೆಚ್ಚು. ಅಂಗಡಿಯಲ್ಲಿ ಪ್ಲಸ್ ಮಾತ್ರ ಇದ್ದರೆ ಅದೂ ನಡೆಯುತ್ತೆ, ಅದಕ್ಕಾಗಿ ಊರೆಲ್ಲ ಸುತ್ತಬೇಡಿ.

ನಿಮ್ಮ ಡ್ರೈವ್ ಯಾವುದಕ್ಕೆಲ್ಲ ಬರೆಯಬಲ್ಲದು ಅನ್ನೋದು ಅದರ ಮುಖದ ಮೇಲಿನ ಗುರುತುಗಳಲ್ಲೇ ಇರುತ್ತದೆ. ‘ಡಿವಿಡಿ-ರೋಮ್’ ಮತ್ತು ‘ಡಿವಿಡಿ-ರಾಮ್’ ಥರದ ಹೆಸರುಗಳಿಗೆ ಗಲಿಬಿಲಿಯಾಗಬೇಡಿ, ನೋಡಬೇಕಾದದ್ದು ಇಷ್ಟು: ‘ಆರ್’ ಇದೆಯೇ? ಬರೀ ‘ರೋಮ್’ ಇಲ್ಲವೇ ‘ಕಾಂಬೊ’ ಎಂದಿದ್ದರೆ ಹುಷಾರು, ಕಾಂಬೊ ಡ್ರೈವ್ ಡಿವಿಡಿಯನ್ನು ಓದುತ್ತದೆ, ಬರೆಯುವುದು ಸಿಡಿಗೆ ಮಾತ್ರ. ಗುರುತು ಅಳಿಸಿಹೋಗಿದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಮಾಡೆಲ್ ಸಂಖ್ಯೆ ಸಿಗುತ್ತದೆ, ಅದನ್ನು ಹಿಡಿದು ತಯಾರಕರ ಪಟ್ಟಿ ನೋಡಿ. ಬ್ಲೂ-ರೇ ಡಿಸ್ಕಿಗೆ ಬ್ಲೂ-ರೇ ರೈಟರೇ ಬೇಕು, ಅದರ ಲೇಸರ್ ಬೇರೆ. ಎರಡು ಪದರದ ಡಿಎಲ್ ಡಿಸ್ಕ್ 8.5 ಜಿಬಿ ಹಿಡಿಸುತ್ತದೆ ನಿಜ, ಆದರೆ ತಕರಾರು ಜಾಸ್ತಿ. ಬೇರೆ ದಾರಿ ಇದ್ದರೆ ಅದರ ಗೊಡವೆ ಬೇಡ.

ಇಷ್ಟೆಲ್ಲ ಸರಿಯಾದರೂ ಕೆಲವೊಮ್ಮೆ ಡ್ರೈವ್ ಒಂದು ಡಿಸ್ಕನ್ನು ಒಪ್ಪುವುದಿಲ್ಲ. ಕಾರಣ ಹೀಗಿದೆ. ಪ್ರತಿ ಖಾಲಿ ಡಿಸ್ಕಿನಲ್ಲೂ ತಯಾರಕರ ಗುರುತಿನ ಸಂಕೇತ ಇರುತ್ತದೆ. ಡ್ರೈವ್ ಅದನ್ನು ಓದಿ, ‘ಈ ಬಣ್ಣಕ್ಕೆ ಲೇಸರ್ ಎಷ್ಟು ಜೋರಾಗಿರಬೇಕು’ ಎಂದು ತನ್ನೊಳಗಿನ ಪಟ್ಟಿಯಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಅಂದಾಜಿನ ಮೇಲೆ ಸುಡುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಬ್ರಾಂಡ್‌ಗಿಂತ ಒಳಗಿನ ಡಿಸ್ಕ್ ಮಾಡಿದವರು ಯಾರು ಅನ್ನೋದು ಮುಖ್ಯ. ಒಂದು ಕಾಲಕ್ಕೆ ಈ ಪ್ರಶ್ನೆಗೆ ನಮ್ಮಲ್ಲೇ ಉತ್ತರವಿತ್ತು: ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿದ್ದ ಮೋಸರ್ ಬೇರ್ ಇಂಡಿಯಾ. ಸಾಲದಲ್ಲಿ ಮುಳುಗಿದ ಆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು 2018ರಲ್ಲಿ ಆದೇಶವಾಯಿತು. ವರ್ಬೇಟಿಮ್ ಬ್ರಾಂಡನ್ನು 2019ರಲ್ಲಿ ಮಿತ್ಸುಬಿಷಿ ಕೆಮಿಕಲ್ ತೈವಾನಿನ ಸಿಎಂಸಿ ಮ್ಯಾಗ್ನೆಟಿಕ್ಸ್‌ಗೆ ಮಾರಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆ ನಿಲ್ಲಿಸಿತು. ಕಾರ್ಖಾನೆಗಳು ಮುಚ್ಚುತ್ತಿವೆ, ಕಚೇರಿಗಳು ಮಾತ್ರ ಇನ್ನೂ ಸಿಡಿ ಕೇಳುತ್ತಿವೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಾಗಲಿ ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಬಿಸಿಲಿಗೆ ಇಟ್ಟ ಹಳೇ ಸ್ಟಾಕ್ ಬೇಡ ಎನ್ನಿ, ಬಣ್ಣದ ಪದರಕ್ಕೆ ಬಿಸಿಲು ಆಗದು. ಮೊದಲು ನಾಲ್ಕೈದು ಡಿಸ್ಕ್ ತಂದು ನೋಡಿ, ಒಗ್ಗಿದರೆ ಆಮೇಲೆ ಇಡೀ ಡಬ್ಬಿ.

ಬರೆಯುವಾಗ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ. ಪೆನ್‌ಡ್ರೈವ್‌ನಂತೆ ಬಳಸುವ ಮೊದಲನೆಯದನ್ನು ಬಿಟ್ಟು, ಸಿಡಿ/ಡಿವಿಡಿ ಪ್ಲೇಯರ್‌ಗೆ ಎಂಬ ಎರಡನೆಯದನ್ನು ಒತ್ತಿ. ಮೊದಲನೆಯದರಲ್ಲಿ ಬರೆದದ್ದು ಬೇರೆ ಯಂತ್ರಗಳಲ್ಲಿ ತೆರೆಯದೇ ಇರಬಹುದು. 16 ಪಟ್ಟು ವೇಗ ಎಂದು ಬರೆದ ಡಿವಿಡಿಗೆ 8 ಪಟ್ಟು ಸಾಕು. ತೀರಾ ನಿಧಾನ ಮಾಡಿದರೆ ಇನ್ನೂ ಒಳ್ಳೆಯದು ಅನ್ನೋದು ಹಳೆಯ ನಂಬಿಕೆ, ಈಗಿನ ಡಿಸ್ಕುಗಳು ವೇಗಕ್ಕೆಂದೇ ತಯಾರಾದವು. ಯುಎಸ್‌ಬಿ ಡ್ರೈವನ್ನು ನೇರವಾಗಿ ಲ್ಯಾಪ್‌ಟಾಪ್‌ಗೇ ಚುಚ್ಚಿ, ಹಬ್ ಮೂಲಕ ಕೊಟ್ಟರೆ ಕರೆಂಟ್ ಸಾಲದೆ ಅರ್ಧಕ್ಕೆ ನಿಲ್ಲಬಹುದು. ಕೊನೆಗೆ ಡಿಸ್ಕನ್ನು ‘ಕ್ಲೋಸ್’ ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ಪೂರ್ತಿ ಪ್ಲೇ ಮಾಡಿ ನೋಡಿ.

ಈ ರಗಳೆಯೆಲ್ಲ ಯಾಕೆ ಅಂದರೆ, ಸಿಡಿಯ ಮೇಲೆ ಚುನಾವಣೆಯ ತಕರಾರೇ ನಿಂತದ್ದುಂಟು. 2011ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಸೋತ ಪಿ.ವಿ. ಅನ್ವರ್, ಎದುರಾಳಿ ಪಿ.ಕೆ. ಬಷೀರ್ ಪರ ಪ್ರಚಾರದ ಹಾಡು, ಭಾಷಣಗಳನ್ನು ಸಿಡಿಗಳಲ್ಲಿ ಸಲ್ಲಿಸಿದ್ದರು. ಮೂಲದಿಂದ ಕಂಪ್ಯೂಟರಿಗೆ, ಅಲ್ಲಿಂದ ಸಿಡಿಗೆ ನಕಲು ಮಾಡಿದ್ದು, ಜೊತೆಗೆ ಕಾಯ್ದೆ ಕೇಳುವ ಪ್ರಮಾಣಪತ್ರ ಇರಲಿಲ್ಲ. ಸುಪ್ರೀಂ ಕೋರ್ಟ್ 2014ರಲ್ಲಿ ಅವನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ. ಮೂಲ ಸಿಡಿಗಳನ್ನೇ ವಶಪಡಿಸಿಕೊಂಡು ತಂದಿದ್ದರೆ ಮಾತು ಬೇರೆ ಇರುತ್ತಿತ್ತು ಎಂದೂ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಆ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು, ತಜ್ಞರೊಬ್ಬರ ಸಹಿಯೂ ಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು, ಒಂದೇ ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ.

ಹಾಗಾಗಿ ದೊಡ್ಡ ವಿಡಿಯೊ ಡಿಸ್ಕಿಗೆ ಹಿಡಿಸಲಿಲ್ಲ ಅಂತ ಕುಗ್ಗಿಸಲು ಹೋಗಬೇಡಿ, ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನು ಬರೆಯಬೇಡಿ. ಡಿಸ್ಕಿನಲ್ಲಿರುವ ಫೈಲಿನ ಹ್ಯಾಶ್ ಮೂಲದ ಹ್ಯಾಶ್‌ಗೆ ತಾಳೆಯಾಗುತ್ತಾ ನೋಡಿಕೊಳ್ಳಿ. ಚಿತ್ರೀಕರಿಸಿದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಡಿಸ್ಕಿನ ಮೇಲೆ ಸ್ಟಿಕ್ಕರ್ ಬೇಡ, ಬಾಲ್‌ಪೆನ್ ಅಂತೂ ಬೇಡವೇ ಬೇಡ. ಸಿಡಿಯ ಮಾಹಿತಿ ಪದರ ಇರುವುದು ಹೆಸರು ಬರೆಯುವ ಬದಿಗೇ ತೀರಾ ಹತ್ತಿರ. ಸಿಡಿ ಮಾರ್ಕರ್‌ನಲ್ಲಿ ದಿನಾಂಕವನ್ನೂ ದೂರಿನ ಸಂಖ್ಯೆಯನ್ನೂ ನಡುವಿನ ತೂತಿನ ಸುತ್ತ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯಿಂದ ಸ್ವೀಕೃತಿ ಪಡೆಯಿರಿ, ಇನ್ನೊಂದು ಮನೆಯಲ್ಲಿರಲಿ.